ಕುದುರೆಗೊಂದು ಪಹಣಿ

ಘಟ್ಟದ ಕಡೆ ಕುದುರೆ ಸಾಕಲು ಜಾಗ ನೋಡ್ತಾ ಇದ್ದೇನೆ ಎಂದರೆ ಕುಮಟೆಯ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕನಿಕರದಿಂದ ಹೆಂಡತಿಯ ಮುಖ. ರೆಸಾರ್ಟೋ? ಅಲ್ಲ. ಮುರ್ಡೇಶ್ವರದ ಬೀಚಿನಲ್ಲಿ ಬಾಡಿಗೆಗೆ ಬಿಡ್ತೀರೋ? ಇಲ್ಲ ಮಾರಾಯ್ರೆ, ಸುಮ್ಮನೆ ಸಾಕುವುದು. ಈ ಸುಮ್ಮನೆ ಎಂಬುದನ್ನು ಯಾರೂ ನಂಬುವುದಿಲ್ಲ.

ನನ್ನ ಬೆನ್ನಿಗೆ ಇತಿಹಾಸವಿದೆ. ವಿಜಯನಗರದ ಕಾಲದಲ್ಲಿ ಪರದೇಶದ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದುದು ಭಟ್ಕಳ, ಹೊನ್ನಾವರದಲ್ಲೇ. ಸಾಳುವ ನರಸಿಂಹ ಹೊರ್ಮುಜ್, ಏಡನ್‌ಗಳಿಂದ ಕುದುರೆ ತರಿಸುತ್ತಿದ್ದ. ಸಮುದ್ರದಲ್ಲಿ ಸತ್ತದ್ದಕ್ಕೂ, ಬಾಲ ತಂದು ತೋರಿಸಿದರೆ ಸಾಕು, ಬದುಕಿದ್ದರ ಬೆಲೆಯನ್ನೇ ಎಣಿಸುತ್ತಿದ್ದ ಎಂದು ಪೋರ್ಚುಗೀಸರ ನ್ಯೂನಿಜ್ ಬರೆದಿಟ್ಟಿದ್ದಾನೆ. 1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರು ಕುದುರೆ ಹಡಗುಗಳನ್ನು ಅಲ್ಲಿಗೆ ತಿರುಗಿಸಿಕೊಳ್ಳದಿದ್ದರೆ ನಮ್ಮ ಕಥೆಯೇ ಬೇರೆ ಇತ್ತು. ಇದನ್ನೆಲ್ಲ ಕೇಳಿದ ಇವಳು ಅಂದಳು: "ಅಷ್ಟೆಲ್ಲ ಬಂದಿದ್ರೆ ಒಂದಾದ್ರೂ ಇಲ್ಲಿ ಯಾಕೆ ನಿಲ್ಲಲಿಲ್ಲ?" ನಿಲ್ಲಲಿಲ್ಲ, ನಿಜ. ಇಳಿದವು, ಘಟ್ಟ ಹತ್ತಿದವು, ಹಂಪಿ ಸೇರಿದವು. ನಡುದಾರಿಯಲ್ಲೊಂದನ್ನು ಕಟ್ಟಿಹಾಕುವ ಬುದ್ಧಿ ಐನೂರು ವರ್ಷಗಳಲ್ಲಿ ನನಗೊಬ್ಬನಿಗೇ ಹೊಳೆದದ್ದು ಎಂದು ಒಳಗೊಳಗೇ ಉಬ್ಬಿದೆ.

2020ರ ತಿದ್ದುಪಡಿಯ ಮೇಲೆ ಕೃಷಿಕನಲ್ಲದವನೂ ಜಮೀನು ಕೊಳ್ಳಬಹುದು, ಸರಿ. ಆದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕಾಡೇ ಇರುವ ಜಿಲ್ಲೆಯಲ್ಲಿ ಮಾಲ್ಕಿ ಜಾಗ ಬೇಕಲ್ಲ? ಹಾಡುವಳ್ಳಿ ಕಡೆ ಕಂಡ ಜಾಗ ಕಣ್ಣಿಗೆ ಹಬ್ಬ. ಪಹಣಿ ತೆಗೆಸಿದರೆ ಮಾಲ್ಕಿ ಅಂಗೈಯಗಲ, ಉಳಿದದ್ದು ಅತಿಕ್ರಮಣ. ಮಹಿಮೆಯ ಕಡೆ ಕಾಗದಪತ್ರ ಸರಿ ಇತ್ತು, ಉಂಬಳಗಳೂ ಸರಿಯಾಗೇ ಇದ್ದವು. ಕಡೆಗೆ ಸಂತೆಗುಳಿ ಹಾದು ಒಂದು ಅಡಿಕೆ ತೋಟದ ಮನೆ. ಮೇಲೆ ಹುಲ್ಲಿನ ಬೇಣ, ಕೆಳಗೆ ಅರ್ಧ ಖಾಲಿ ಕೊಟ್ಟಿಗೆ.

"ಕುದುರೆ ಇದರೊಳಗೆ ತಿರುಗ್ತದಾ?" ಯಜಮಾನರು ಕೇಳಿದರು.

ಎಂಟಡಿ ಉದ್ದ ಇರ್ತದೆ ಅಂದೆ. ಅಳೆಯಲು ಟೇಪಿರಲಿಲ್ಲ. ಅವರು ಪಂಚೆ ಎತ್ತಿ ಕಟ್ಟಿದರು. "ನಾನು ಮುಂಗಾಲು, ನೀವು ಹಿಂಗಾಲು." ನಡುವೆ ಕೊನೆ ಇಳಿಸುವ ಹಗ್ಗ ಬಿಗಿಹಿಡಿದೆವು, ಅದು ಬೆನ್ನು. ಕುದುರೆ ಒಳಗೆ ಬಂತು. ಮುಂಗಾಲು ಸಲೀಸಾಗಿ ಎಡಕ್ಕೆ ಹೊರಳಿತು, ಹಿಂಗಾಲು ಅಕ್ಕಚ್ಚಿನ ಬಕೀಟಿಗೆ ಎಡವಿತು. "ಹಿಂದೆ ಸರೀರಿ" ಎಂದರು. ಹಿಂಗಾಲಿಗೆ ಕಣ್ಣೆಲ್ಲಿ? ಕಂಬಕ್ಕೆ ಕುಂಡೆ ಬಡಿಯಿತು.

"ಒದೀತದಾ ನಿಮ್ಮ ಕುದುರೆ?"

"ಒದೀತದೆ."

"ಹಾಗಾರೆ ಒದ್ದು ನೋಡಿ, ದನಕ್ಕೆ ತಾಗ್ತದಾ ಅಂತ."

ಒದ್ದೆ. ದನಕ್ಕೆ ತಾಗಲಿಲ್ಲ, ಚಪ್ಪಲಿ ಗೊಬ್ಬರಗುಂಡಿಗೆ ಹಾರಿತು. ಮೂಲೆಯ ಮಲೆನಾಡು ಗಿಡ್ಡ ಮೆಲುಕು ನಿಲ್ಲಿಸಿ ನಮ್ಮನ್ನೇ ನೋಡಿತು. ಎರಡನೇ ಸುತ್ತಿಗೆ ಮುಂಗಾಲಿಗೆ ಉಮೇದು ಏರಿ, ಅರವತ್ತು ದಾಟಿದ ಆ ಗೃಹಸ್ಥರು ಒಮ್ಮೆ ಕೆನೆದೇಬಿಟ್ಟರು. ಆಸರಿಗೆ ಕೇಳಲು ಬಂದ ಅವರ ಮನೆಯವರು ಬಾಗಿಲಲ್ಲೇ ನಿಂತರು, ಹಿಂದೆ ನನ್ನವಳು. ಕುದುರೆ ಇದ್ದಲ್ಲೇ ಕಲ್ಲಾಯಿತು. ಆ ತಾಯಿ ನಗಲಿಲ್ಲ. "ಚಾ ಎರಡು ಮಾಡ್ಲೋ, ಒಂದು ಸಾಕೋ?" ಅಂದರು.

ಚಾ ಕುಡಿಯುವಾಗ ಮಳೆಗಾಲದ ಮಾತು ಬಂತು. ನಾಲ್ಕು ತಿಂಗಳ ಕೆಸರಿನಲ್ಲಿ ದನದ ಗೊರಸೇ ಕೊಳೆಯುವಾಗ ಕುದುರೆಯದ್ದೇನು ಗತಿ? ಜತೆಗೆ ಬಂದಿದ್ದ ದಲ್ಲಾಳಿ ನಡುವೆ ಬಾಯಿ ಹಾಕಿದ: "ಆ ಗುಡ್ಡ ಕಡಿಸಿ ಸಮತಟ್ಟು ಮಾಡುವ ಸರ್. ಜೆಸಿಬಿಗೆ ಎರಡು ದಿನದ ಕೆಲಸ. ನಾಳೆ ಮಾರುದಾದ್ರೆ ವ್ಯೂ ಬೇರೆ ಸಿಗ್ತದೆ." ಅಲ್ಲಿಯವರೆಗೆ ತಮಾಷೆಯಾಗಿದ್ದ ಯಜಮಾನರು ಲೋಟ ಕೆಳಗಿಟ್ಟರು. ಯಾರೂ ವಿವರಿಸಬೇಕಿರಲಿಲ್ಲ. 2022ರ ಆಗಸ್ಟಿನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಜರಿದು ಮನೆಯೊಳಗಿದ್ದ ನಾಲ್ವರು ಹೋಗಿದ್ದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ, ಹೆದ್ದಾರಿಗೆಂದು ಕಡಿದ ಗುಡ್ಡ ಚಹಾದಂಗಡಿಯನ್ನು ಜನರ ಸಮೇತ ನುಂಗಿತು. ಈ ಮನುಷ್ಯನಿಗೆ ಮಾತ್ರ ಗುಡ್ಡವೆಂದರೆ ಇನ್ನೂ ವ್ಯೂ. ನನ್ನ ಕುದುರೆ ಓಡುವುದೇ ಬೇಡ, ನಡೆದರೆ ಸಾಕು ಎಂದು ಅವನನ್ನು ಸಾಗಹಾಕಿದೆ.

ಅವನು ಹೋದ ಮೇಲೆ ಯಜಮಾನರು ನಿಧಾನಕ್ಕೆ ಕೇಳಿದರು: "ದಿನಕ್ಕೆ ಎಷ್ಟು ತಿಂತದೆ?" ಎಂಟು ಕಿಲೋ ಒಣಹುಲ್ಲಾದರೂ ಬೇಕು ಅಂದೆ. ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು, ಹುಲ್ಲಿನದ್ದಲ್ಲ. "ಜಾಗ ಮಾರುದಿಲ್ಲ. ಬೇಕಾದ್ರೆ ಇಲ್ಲೇ ಕಟ್ಟಿಕೊಳ್ಳಿ, ಬಾಡಿಗೆಯೂ ಬೇಡ. ಲದ್ದಿ ಮಾತ್ರ ನಮ್ಮ ತೋಟಕ್ಕೆ."

ನಾನು ಹೂಂ ಅನ್ನುವುದರೊಳಗೆ, ಇಷ್ಟು ದಿನ ಕುದುರೆ ಎಂದರೆ ಮುಖ ತಿರುಗಿಸುತ್ತಿದ್ದ ಇವಳು ಮುಂದೆ ಬಂದಳು. "ಅದೆಲ್ಲ ಆಗುದಿಲ್ಲ. ಅರ್ಧ ನಮಗೆ ಬೇಕು, ಮಲ್ಲಿಗೆ ಗಿಡ ಉಂಟು."

ಕುದುರೆ ಇನ್ನೂ ಕೊಂಡಿಲ್ಲ. ಲದ್ದಿಯ ಚೌಕಾಸಿ ನಡೆದಿದೆ.