ಕ್ಯಾಸೆಟ್ಟಿನ ಗೋತ್ರ, ಪ್ರವರ

ಬೂಟ್‌ಲೆಗ್ ಕ್ಯಾಸೆಟ್ಟು ಕೂಡಿಡುವ ಈತನ ಮನೆಗೆ ಹೋದವರು ಹಾಡು ಕೇಳಿಕೊಂಡು ಬರೋಣ ಎಂದುಕೊಂಡಿದ್ದರೆ ಸ್ವಲ್ಪ ತಾಳಬೇಕು. ಮೊದಲು ಕಾಫಿ, ಆಮೇಲೆ ಪ್ರವರ. ಕ್ಯಾಸೆಟ್ಟನ್ನು ಅಂಗೈ ಮೇಲಿಟ್ಟುಕೊಂಡು, ಹುಡುಗನ ಜಾತಕ ತಂದ ಸೋದರಮಾವನ ಗಾಂಭೀರ್ಯದಲ್ಲಿ ಅದರ ವಂಶಾವಳಿ ಬಿಚ್ಚುತ್ತಾನೆ. ಮೂಲ ಟೇಪು ಯಾರದು, ಅದರಿಂದ ಇಳಿದ ಮೊದಲ ಪ್ರತಿ ಯಾರ ಹತ್ತಿರವಿತ್ತು, ತನ್ನದು ಎಷ್ಟನೇ ತಲೆಮಾರು. ಪ್ರತಿಯಿಂದ ಪ್ರತಿ ಇಳಿಸಿದಷ್ಟೂ ಕ್ಯಾಸೆಟ್ಟಿನಲ್ಲಿ ಸುಯ್ಯೆನ್ನುವ ಸದ್ದು ಏರುತ್ತದೆ, ಎತ್ತರದ ಸ್ವರಗಳು ಸವೆಯುತ್ತವೆ. ಆದ್ದರಿಂದ ಎರಡನೇ ತಲೆಮಾರಿನವನು ಐದನೇ ತಲೆಮಾರಿನವನ ಜೊತೆ ಪಂಕ್ತಿಯಲ್ಲಿ ಕೂರುವುದಿಲ್ಲ.

ಬೂಟ್‌ಲೆಗ್ ಎಂದರೆ ಬ್ಯಾಂಡಿನವರ ಅಪ್ಪಣೆಯಿಲ್ಲದೆ ಹೊರಬಂದ ರೆಕಾರ್ಡಿಂಗು. ರಾಕ್ ಸಂಗೀತದಲ್ಲಿ ಈ ದಂಧೆಗೆ ಹೆಸರು ತಂದದ್ದು 1969ರಲ್ಲಿ ಅಮೆರಿಕದಲ್ಲಿ ಬಂದ ಬಾಬ್ ಡಿಲನ್‌ನ ‘ಗ್ರೇಟ್ ವೈಟ್ ವಂಡರ್’. ಅದು ಬಂದದ್ದು ಬರೀ ಬಿಳಿ ಕವರಿನಲ್ಲಿ. ಆದರೆ ನಮ್ಮ ಮಹಾಶಯನಿಗೆ ದಂಧೆಕೋರರನ್ನು ಕಂಡರೆ ಆಗದು. ಈತ ಟೇಪು ಮಾರುವವನಲ್ಲ, ಹಂಚುವವನು. ನೀವು ಖಾಲಿ ಕ್ಯಾಸೆಟ್ಟು, ಅಂಚೆ ಖರ್ಚು ಕಳಿಸಿದರೆ ರಾತ್ರಿಯಿಡೀ ಕೂತು ಪ್ರತಿ ಮಾಡಿ ಕಳಿಸುತ್ತಾನೆ. ಒಂದು ಡಾಲರ್ ಹೆಚ್ಚು ಕೊಡಲು ಹೋದರೆ ಮುಖ ತಿರುಗಿಸುತ್ತಾನೆ.

ಈ ತಳಿ ಹುಲುಸಾಗಿ ಬೆಳೆದದ್ದು ಕ್ಯಾಲಿಫೋರ್ನಿಯಾದ ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ನೆರಳಿನಲ್ಲಿ. 1965ರಿಂದ 1995ರವರೆಗೆ ಅವರು ಕೊಟ್ಟ ಕಛೇರಿಗಳು ಎರಡು ಸಾವಿರಕ್ಕೂ ಹೆಚ್ಚು. ಒಂದು ರಾತ್ರಿ ನುಡಿಸಿದಂತೆ ಇನ್ನೊಂದು ರಾತ್ರಿ ನುಡಿಸಿದವರಲ್ಲ. ಒಂದೇ ಹಾಡು ಇವತ್ತು ಹತ್ತು ನಿಮಿಷ, ನಾಳೆ ಅರ್ಧ ಗಂಟೆ. ಹೀಗಿರುವಾಗ ಅಂಗಡಿಯಲ್ಲಿ ಸಿಗುವ ಒಂದು ರೆಕಾರ್ಡು ಯಾವ ಮೂಲೆಗೆ ಸಾಲುತ್ತದೆ? ಸಭೆಯಲ್ಲಿ ಮೈಕುಗಳ ಕಾಡೇ ಎದ್ದಿತು. ಸೌಂಡ್ ಎಂಜಿನಿಯರನಿಗೆ ವೇದಿಕೆ ಕಾಣದಾಯಿತು. ಬೇರೆ ಬ್ಯಾಂಡಾಗಿದ್ದರೆ ಹೊರದಬ್ಬುತ್ತಿತ್ತು. ಇವರು 1984ರ ಅಕ್ಟೋಬರಿನಲ್ಲಿ, ಬರ್ಕ್ಲಿಯ ಕಛೇರಿಯಿಂದ ಶುರುಮಾಡಿ, ಟೇಪು ಮಾಡುವವರಿಗೆಂದೇ ಎಂಜಿನಿಯರನ ಬೆನ್ನ ಹಿಂದೆ ಜಾಗ ಬಿಟ್ಟರು, ಅದಕ್ಕೆ ಟಿಕೆಟ್ಟನ್ನೂ ಇಟ್ಟರು.

ಲೆಡ್ ಜೆಪೆಲಿನ್‌ನವರ ಕಡೆ ಇಂಥ ದಾಕ್ಷಿಣ್ಯವಿರಲಿಲ್ಲ. ಅವರ ಮ್ಯಾನೇಜರ್ ಪೀಟರ್ ಗ್ರಾಂಟ್ ಆನೆಯಂಥ ಆಳು. 1971ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸಭೆಯ ನಡುವೆ ಯಾರೋ ಯಂತ್ರ ಹಿಡಿದು ನಿಂತದ್ದು ಕಂಡು, ಕಳ್ಳ ರೆಕಾರ್ಡಿಂಗೆಂದು ಅದನ್ನು ಪುಡಿಗಟ್ಟಿಸಿದ. ಆಮೇಲೆ ತಿಳಿಯಿತು, ಅದು ಶಬ್ದಮಾಲಿನ್ಯ ಅಳೆಯಲು ಬಂದಿದ್ದ ಸರ್ಕಾರಿ ಉಪಕರಣ. ಅಷ್ಟು ಕಾವಲಿದ್ದರೂ ಮೈಕ್ ಮಿಲ್ಲಾರ್ಡ್ ಎಂಬಾತ ಲಾಸ್ ಏಂಜಲೀಸಿನ ಫೋರಂ ಸಭಾಂಗಣಕ್ಕೆ ನಕಾಮಿಚಿ ಕ್ಯಾಸೆಟ್ ಡೆಕ್ಕನ್ನೇ ಒಯ್ಯುತ್ತಿದ್ದ. ನಡೆಯಲು ಏನೂ ತೊಂದರೆಯಿಲ್ಲದ ಆತ ಗಾಲಿಕುರ್ಚಿಯಲ್ಲಿ ಕೂತು ಒಳಗೆ ಹೋಗುತ್ತಿದ್ದ. ಡೆಕ್ಕು ಕುರ್ಚಿಯಲ್ಲೇ ಅಡಗಿರುತ್ತಿತ್ತು. 1977ರ ಜೂನ್ 21ರ ಜೆಪೆಲಿನ್ ಕಛೇರಿಯ ಆತನ ಟೇಪನ್ನು ಇವತ್ತಿಗೂ ಈ ಜನ ಕಣ್ಣಿಗೊತ್ತಿಕೊಂಡು ಕೇಳುತ್ತಾರೆ. ಮಾಡಿದ್ದು ಸರಿಯೇ ಎಂದು ಕೇಳಬಾರದು. ಕೇಳಿದರೆ ಉತ್ತರವಾಗಿ ಡ್ರಮ್ಮಿನ ಸದ್ದು ಎಷ್ಟು ತಿಳಿಯಾಗಿದೆ ಎಂಬ ವಿವರಣೆ ಬರುತ್ತದೆ.

ಇನ್ನು ಕೇಳುವ ಕ್ರಮ. ಟೇಪು ತಿರುಗಲು ಶುರುವಾದ ಮೇಲೆ ಈತ ಬೆರಳೆತ್ತಿ, “ಶ್... ಈಗ ಬರುತ್ತೆ, ಕೇಳಿ” ಎನ್ನುತ್ತಾನೆ. ಅತಿಥಿ ಕಿವಿ ನಿಮಿರಿಸುತ್ತಾನೆ. ಬರುವುದು ಗಿಟಾರಲ್ಲ, ಯಾರದೋ ಬಾಟಲಿ ನೆಲಕ್ಕೆ ಬಿದ್ದ ಸದ್ದು. “ಕೇಳಿಸಿತಾ? ಮೂರನೇ ಸಾಲು, ಎಡಗಡೆ.” ಇನ್ನೊಂದು ಟೇಪಿನಲ್ಲಿ ಪಕ್ಕದವನು ಕಛೇರಿಯುದ್ದಕ್ಕೂ ಗೆಳೆಯನಿಗೆ ತನ್ನ ಕಾರು ಕೆಟ್ಟ ಕಥೆ ಹೇಳುತ್ತಾನೆ. ಆ ಕಾರು ರಿಪೇರಿಯಾಯಿತೇ ಇಲ್ಲವೇ ಎಂಬುದು ಈತನನ್ನು ಎಷ್ಟೋ ವರ್ಷಗಳಿಂದ ಕಾಡುತ್ತಿದೆ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ನಲವತ್ತೈದೇ ನಿಮಿಷ. ವಾದನ ಉಚ್ಛ್ರಾಯಕ್ಕೇರುವ ಹೊತ್ತಿಗೆ ಮಗ್ಗುಲು ಮುಗಿದು, ತಿರುವಿ ಹಾಕುವಷ್ಟರಲ್ಲಿ ಒಂದಿಷ್ಟು ತಪ್ಪಿಹೋಗಿರುತ್ತದೆ. ಆ ತಪ್ಪಿದ ಜಾಗವೂ ಈತನಿಗೆ ಬಾಯಿಪಾಠ. ಮುಂದೆಂದೋ ಅದೇ ಕಛೇರಿಯ ಅಖಂಡ ಪ್ರತಿ ಸಿಕ್ಕಾಗ, ಆ ಜಾಗದಲ್ಲಿ ಸಂಗೀತ ಮುಂದುವರಿದದ್ದು ಕೇಳಿ ಬೆಚ್ಚಿಬಿದ್ದ.

ಸಭಿಕರ ಗದ್ದಲ ಎಷ್ಟು ಮುಖ್ಯ ಎನ್ನುವುದಕ್ಕೆ ಈತ ಮುಂದಿಡುವ ದಾಖಲೆ 1966ರ ಡಿಲನ್ ಕಛೇರಿ. ಜಾನಪದ ಹಾಡುಗಾರ ಎಲೆಕ್ಟ್ರಿಕ್ ಗಿಟಾರ್ ಹಿಡಿದನಲ್ಲ ಎಂಬ ಸಿಟ್ಟಿಗೆ ಸಭಿಕನೊಬ್ಬ ದ್ರೋಹಿ ಎಂಬರ್ಥದಲ್ಲಿ “ಜೂಡಾಸ್!” ಎಂದು ಕೂಗಿದ್ದು ಆ ಟೇಪಿನಲ್ಲಿದೆ. ಆ ಕೂಗು ತನ್ನದೇ ಎಂದು ಮುಂದೆ ಹೇಳಿಕೊಂಡವರು ಒಬ್ಬರಲ್ಲ. ಬೂಟ್‌ಲೆಗ್ ಕವರಿನ ಮೇಲೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಎಂದಿತ್ತು. ಕಛೇರಿ ನಡೆದದ್ದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನಲ್ಲಿ. 1998ರಲ್ಲಿ ಕಂಪನಿಯೇ ಅಧಿಕೃತವಾಗಿ ಬಿಡುಗಡೆ ಮಾಡಿದಾಗಲೂ ಕವರಿನ ಮೇಲೆ ಅದೇ ತಪ್ಪು ಹೆಸರು, ಉದ್ಧರಣ ಚಿಹ್ನೆಯೊಳಗೆ. ಕಳ್ಳನ ಕಾಗುಣಿತವನ್ನು ಮಾಲೀಕನೇ ಒಪ್ಪಿಕೊಂಡ ಪ್ರಸಂಗ ಇನ್ನೊಂದಿದ್ದರೆ ಹೇಳಬೇಕು.

ಡೆಡ್ ಭಕ್ತರ ಪಾಲಿಗೆ ಕಾಶಿ ಎಂದರೆ 1977ರ ಮೇ 8, ನ್ಯೂಯಾರ್ಕ್ ರಾಜ್ಯದ ಇಥಾಕಾ, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ಬ್ಯಾಂಡಿನ ಬಳಗದ ಬೆಟ್ಟಿ ಕ್ಯಾಂಟರ್ ಜ್ಯಾಕ್ಸನ್ ರೆಕಾರ್ಡ್ ಮಾಡಿದ ಕಛೇರಿ ಅದು. ಮುಂದೆ ಗೋದಾಮಿನ ಬಾಡಿಗೆ ಕಟ್ಟಲಾಗದೆ ಆಕೆಯ ಟೇಪುಗಳ ರಾಶಿ 1986ರಲ್ಲಿ ಹರಾಜಾಯಿತು. ಕೊಂಡವರ ಕೈಯಿಂದ ಪ್ರತಿಗಳು ಊರೂರಿಗೆ ಹಬ್ಬಿದವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2011ರ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಈ ಕಛೇರಿಯನ್ನು ಸೇರಿಸಿದಾಗ ಇನ್ನೂ ಅದರ ಅಧಿಕೃತ ರೆಕಾರ್ಡೇ ಬಂದಿರಲಿಲ್ಲ. ಅದು ಬಂದದ್ದು 2017ರಲ್ಲಿ. ಈತ ಬಿಡುಗಡೆಯ ದಿನವೇ ಕೊಂಡು ತಂದ. ಒಮ್ಮೆ ಕೇಳಿದ. “ತೀರಾ ತೊಳೆದುಬಿಟ್ಟಿದ್ದಾರೆ” ಎಂದು ಗೊಣಗಿ ಕಪಾಟಿಗಿಟ್ಟು, ಹಳೆಯ ಕ್ಯಾಸೆಟ್ಟನ್ನೇ ಮತ್ತೆ ಹಾಕಿದ.

ಈ ವಂಶದ ಒಂದು ಕವಲು ಬೆಂಗಳೂರಿನಲ್ಲೂ ಇದೆ. 2007ರ ಮಾರ್ಚಿನಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗ, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬಂದಾಗ ಮೊಬೈಲ್ ಎತ್ತಿ ಹಿಡಿದವರು ಈತನ ದಾಯಾದಿಗಳೇ. ಇವರಿಗೆ ಗಾಲಿಕುರ್ಚಿಯೂ ಬೇಡ, ಅಂಚೆ ಖರ್ಚೂ ಬೇಡ. ಮೆಟಾಲಿಕಾದವರು ತಮ್ಮ ಕಛೇರಿಗಳ ರೆಕಾರ್ಡಿಂಗನ್ನು ತಾವೇ ಮಾರುತ್ತಾರೆ, ಬೆಂಗಳೂರಿನದ್ದೂ ಅದರಲ್ಲಿದೆ. ಆದರೂ ಇಂಥವನೊಬ್ಬ ತನ್ನ ಮೊಬೈಲಿನ ಹರಕು ರೆಕಾರ್ಡಿಂಗನ್ನು ಒಂದು ಫೋನಿನಿಂದ ಇನ್ನೊಂದಕ್ಕೆ ದಾಟಿಸುತ್ತಲೇ ಬಂದಿದ್ದಾನೆ. ಅದರಲ್ಲಿ ಹಾಡುಗಾರನ ದನಿಯೇ ಇಲ್ಲ. ಇರುವುದು ಇವನ ಕಿರುಚಾಟ, ಜೊತೆಗೆ ಹಿಂದಿನವರು ಯಾರೋ “ಗುರೂ, ಕೈ ಕೆಳಗಿಳಿಸೋ” ಎಂದು ಬೈದದ್ದು. ಬ್ಯಾಂಡಿನವರ ಪ್ರತಿಯಲ್ಲಿ ಆ ಬೈಗುಳ ಬಿಟ್ಟುಹೋಗಿದೆ ಎಂಬುದೇ ಇವನ ತಕರಾರು.