ಲಿನಕ್ಸ್ ಭಾವನ ನಿದ್ರಾಪರೀಕ್ಷೆ

ಬೆಂಗಳೂರಿನಲ್ಲಿ ಮಕ್ಕಳು ಸಾಫ್ಟ್‌ವೇರ್ ಓದಿದ ಮನೆತನಗಳಲ್ಲಿ ಒಬ್ಬರಾದರೂ ಲಿನಕ್ಸ್ ಭಾವ ಇದ್ದೇ ಇರುತ್ತಾರೆ. ಹಬ್ಬಕ್ಕೆ ಬಂದ ನೆಂಟರ ಲ್ಯಾಪ್‌ಟಾಪಿನಿಂದ ವಿಂಡೋಸ್ ಕಿತ್ತು ಉಬುಂಟು ಹಾಕಿ ಕಳಿಸುವುದು ಅವರ ಸಮಾಜಸೇವೆ. "ಮುಚ್ಚಳ ಮುಚ್ಚಿ ತೆಗೆದರೆ ಸರಿಯಾಗಿ ಏಳುತ್ತಾ?" ಎಂದು ಯಾರಾದರೂ ಕೇಳಿದರೆ ಮಾತ್ರ ಭಾವ ಕನ್ನಡಕ ಒರೆಸಿಕೊಳ್ಳತೊಡಗುತ್ತಾರೆ.

ಅವರ ಸ್ವಂತ ಯಂತ್ರದ ಪರೀಕ್ಷೆ ನಡೆಯುವುದು ರಾತ್ರಿ ಊಟವಾದ ಮೇಲೆ. ಮುಚ್ಚಳ ಮುಚ್ಚಿ, ಫ್ಯಾನ್ ನಿಂತಿತೇ ಎಂದು ಕಿವಿಗೊಡುತ್ತಾರೆ. ತೆಗೆದರೆ ಕಪ್ಪು ಪರದೆ. ಕ್ಯಾಪ್ಸ್ ಲಾಕ್ ಒತ್ತುತ್ತಾರೆ. ಅದರ ದೀಪ ಹತ್ತಿತು. "ಎದ್ದಿದೆ ಕಣೇ, ಗ್ರಾಫಿಕ್ಸ್ ಡ್ರೈವರ್‌ದೊಂದೇ ತಕರಾರು!" ಒಳಗಿನಿಂದ ಉತ್ತರವಿಲ್ಲ. ಎಸ್3 ನಿದ್ರೆಯಲ್ಲಿ ಕರೆಂಟು ಹೋಗುವುದು ಹೆಚ್ಚುಕಡಿಮೆ ರ‍್ಯಾಮ್‌ಗೆ ಮಾತ್ರ, ಅಲ್ಲೊಂದು ಇಲ್ಲೊಂದು ವ್ಯಾಟ್. ಆ ಉಳಿತಾಯ ಸಾಧಿಸಲು ಲ್ಯಾಪ್‌ಟಾಪು, ಮೇಜಿನ ದೀಪ, ಭಾವ ಮೂರೂ ಬೆಳಗಿನ ಜಾವದವರೆಗೆ ಉರಿಯುತ್ತವೆ.

ಪೂರ್ತಿ ತಪ್ಪು ಅವರದಲ್ಲ, ಪಾಪ. ಯಂತ್ರ ಹೇಗೆ ಮಲಗಬೇಕೆಂಬ ಎಸಿಪಿಐ ನಿಯಮಾವಳಿಯನ್ನು 1996ರಲ್ಲಿ ಬರೆದವರು ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಶಿಬಾ. ತಯಾರಕರು ಫರ್ಮ್‌ವೇರನ್ನು ಹೆಚ್ಚಾಗಿ ಒರೆಗೆ ಹಚ್ಚುವುದೂ ವಿಂಡೋಸ್ ಮೇಲೆಯೇ. ಹಾಗಾಗಿ "ನೀನು ವಿಂಡೋಸಾ?" ಎಂದು ಫರ್ಮ್‌ವೇರ್ ಕೇಳಿದರೆ ಲಿನಕ್ಸ್ ಕರ್ನಲ್ ಹೌದೆನ್ನುತ್ತದೆ, "ಲಿನಕ್ಸಾ?" ಎಂದರೆ ಅಲ್ಲವೆನ್ನುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಇದನ್ನು ವಿವರಿಸಿದ ಭಾವನ ಪಕ್ಕದ ಎಲೆ ಮರುವರ್ಷದಿಂದ ಖಾಲಿ.

ಇನ್ನು ಪಿಎಂ-ಟ್ರೇಸ್ ಎಂಬ ಅಸ್ತ್ರ. 2006ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರೇ ಬರೆದದ್ದು. ಏಳುವಾಗ ಯಂತ್ರ ಎಲ್ಲಿ ಸಿಕ್ಕಿಬಿತ್ತೆಂಬ ಗುರುತನ್ನು ಬೇರೆಲ್ಲೂ ಬರೆದಿಡಲಾಗದ್ದರಿಂದ ಅದು ಗಡಿಯಾರದ ಚಿಪ್‌ನಲ್ಲೇ ಬರೆಯುತ್ತದೆ. ಮೂರು ನಿಮಿಷದೊಳಗೆ ರೀಬೂಟ್ ಮಾಡಿ ಓದಿಕೊಳ್ಳಬೇಕು. ದಿನಾಂಕವೇನೋ ಎಕ್ಕುಟ್ಟಿಹೋಗುತ್ತದೆ. ಅತ್ತೆ ಏಕಾದಶಿ ಯಾವತ್ತೆಂದು ಆ ಪರದೆ ನೋಡುವುದನ್ನು ಬಿಟ್ಟಿದ್ದಾರೆ.

ಮೊನ್ನೆ ಧರ್ಮಸ್ಥಳದ ಪ್ರಯಾಣದಲ್ಲಿ ಭಾವನಿಗೆ ಶುಕ್ರದೆಸೆ. ವಿಂಡೋಸ್ ಬಿಡಲೊಪ್ಪದ ಷಡ್ಡಕರ ಹೊಸ ಲ್ಯಾಪ್‌ಟಾಪು ಹಾಸನ ದಾಟುವಷ್ಟರಲ್ಲಿ ಬ್ಯಾಗಿನೊಳಗೇ ಇಡ್ಲಿ ಪಾತ್ರೆಯಂತೆ ಕಾದಿತ್ತು. ಎಷ್ಟೋ ಹೊಸ ಯಂತ್ರಗಳಲ್ಲಿ ಎಸ್3 ಇಲ್ಲ. ಅದರ ಜಾಗಕ್ಕೆ ಬಂದ ಮಾಡರ್ನ್ ಸ್ಟ್ಯಾಂಡ್‌ಬೈನಲ್ಲಿ ಪರದೆ ಆರಿದರೂ ಒಳಗೊಂದಿಷ್ಟು ಕೆಲಸ ನಡೆದೇ ಇರುತ್ತದೆ. ಛತ್ರ ತಲುಪಿದ್ದೇ ತಡ, ಭಾವ 'ಪವರ್‌ಸಿಎಫ್‌ಜಿ ಸ್ಲೀಪ್‌ಸ್ಟಡಿ' ಓಡಿಸಿ, ಬ್ಯಾಟರಿ ತಿಂದವರ ಪಟ್ಟಿಯನ್ನು ಷಡ್ಡಕರಿಗೆ ಸಾಲುಸಾಲಾಗಿ ಓದಿ ಹೇಳಿದರು. ಆಮೇಲೆ ಜುಬ್ಬಾದ ಜೇಬಿನಿಂದ ಮೆಲ್ಲಗೆ ಉಬುಂಟುವಿನ ಪೆನ್‌ಡ್ರೈವ್ ತೆಗೆದರು.