ಸೂಜಿ ಕಂಡ ಶೂರರು

ದೆವ್ವದ ಸಿನಿಮಾ ನೋಡುತ್ತ ಒಗ್ಗರಣಿ-ಮಿರ್ಚಿ ಮೆಲ್ಲುವ ಬಳ್ಳಾರಿಯ ಗಂಡೆದೆಗಳೂ ಸೂಜಿ ಎಂದೊಡನೆ ಗೋಡೆ ಹಿಡಿಯುತ್ತವೆ. ಕನ್ನಡದ ದೆವ್ವಗಳಿಗೇ ಡಾಕ್ಟರೆಂದರೆ ಭಯ: 2004ರ ‘ಆಪ್ತಮಿತ್ರ’ದಲ್ಲಿ ವಿಷ್ಣುವರ್ಧನ್ ಮನೋವೈದ್ಯರಾಗಿ ಬಂದು ನಾಗವಲ್ಲಿಯನ್ನೇ ಉಪಾಯದಿಂದ ಸಾಗಹಾಕಿದರು. ಫ್ರಾನ್ಸಿನವರದು ಉಲ್ಟಾ. 1960ರಲ್ಲಿ ಜಾರ್ಜ್ ಫ್ರಾಂಜು ತೆಗೆದ ‘ಐಸ್ ವಿದೌಟ್ ಎ ಫೇಸ್’ನಲ್ಲಿ ಸರ್ಜನ್ನೇ ದೆವ್ವ, ಅಪಘಾತದಲ್ಲಿ ಕೆಟ್ಟ ಮಗಳ ಮುಖ ಸರಿಪಡಿಸಲು ಕಂಡವರ ಹೆಣ್ಣುಮಕ್ಕಳ ಮುಖವನ್ನೇ ಸುಲಿಯುತ್ತಾನೆ. ನಮ್ಮವರು ಅದನ್ನು ನೋಡಿಲ್ಲ, ಪುಣ್ಯ. ನೋಡಿದ್ದರೆ ವಿಮ್ಸ್ ಆಸ್ಪತ್ರೆಯ ಗೇಟಿನಿಂದಲೇ ವಾಪಸು ಬಸ್ಸು ಹತ್ತುತ್ತಿದ್ದರು.

ಸಿರುಗುಪ್ಪದ ನಮ್ಮ ಮಾವ ಭತ್ತದ ಗದ್ದೆಯಲ್ಲಿ ಹಾವು ಕಂಡರೆ “ಹೋಗಪಾ ನಿನ್ ಪಾಡಿಗೆ” ಎನ್ನುವವರು. ನರ್ಸಮ್ಮ ಸಿರಿಂಜಿನ ಗಾಳಿ ತೆಗೆದು ಒಂದು ಹನಿ ಚಿಮ್ಮಿಸಿದಳೋ, “ಯವ್ವಾ, ಗುಳಿಗಿ ಕೊಡವಾ, ಎಷ್ಟಾದ್ರೂ ನುಂಗ್ತೀನಿ!”

“ಆ ಕಡಿ ನೋಡ್ರಿ, ಮುಗೀತು.”

ಮುಗಿದದ್ದು ನಿಜ. ಅಷ್ಟರಲ್ಲಿ ಮಾವ ನೆಲದ ಮೇಲಿದ್ದರು. ಇದು ಹೇಡಿತನವಲ್ಲವೆಂದು ವೈದ್ಯರೇ ಹೇಳುತ್ತಾರೆ: ಗಾಬರಿಗೆ ಎದೆಬಡಿತ ನಿಧಾನಿಸಿ, ಬಿಪಿ ಕುಸಿದು, ಮಿದುಳಿಗೆ ಕ್ಷಣಕಾಲ ರಕ್ತ ಕಡಿಮೆಯಾಗುತ್ತದೆ, ಮಲಗಿಸಿ ಕಾಲೆತ್ತಿ ಹಿಡಿದರೆ ಸರಿಹೋಗುತ್ತದೆ. ಮಾವ ಈ ವಿವರಣೆಯನ್ನು ಬಾಯಿಪಾಠ ಮಾಡಿ ಊರಿಗೆಲ್ಲ ಒಪ್ಪಿಸಿದ್ದಾರೆ, ಕಾಲೆತ್ತಿದ ಭಾಗವೊಂದನ್ನು ಬಿಟ್ಟು. ಇನ್ನು ಬಿಳಿ ಕೋಟು ಕಂಡೊಡನೆ ಕೆಲವರ ಬಿಪಿ ಏರುವುದೂ ಉಂಟು, ಮನೆಗೆ ಬಂದರೆ ಇಳಿಯುತ್ತದೆ.

ಕುರುಗೋಡಿನ ಅತ್ತೆಯ ದಾರಿಯೇ ಬೇರೆ. ಹಲ್ಲು ಕೀಳಿಸುವ ಮುಂಚೆ ದೊಡ್ಡಬಸವೇಶ್ವರನಿಗೆ ಕಾಯಿ ಒಡೆಸಿದರು. ಆಮೇಲೆ ಕುರ್ಚಿಯಲ್ಲಿ ಒರಗಿ, ಇಕ್ಕಳ ಹಿಡಿದು ನಿಂತ ಎಳೆಯ ಡಾಕ್ಟರನ್ನು ಕೇಳಿದರು: “ನಂದೇನೋ ಆತು, ನೀ ಒಡಿಸಿಕೊಂಡು ಬಂದೀಯೇನಪಾ?”

ಆ ಹುಡುಗ ಇಕ್ಕಳ ಕೆಳಗಿಟ್ಟು ನೀರು ಕುಡಿದನಂತೆ.